ಚಿಕ್ಕವ್ವನ ಎದುರು ಕೆಮ್ಮಬೇಡಿ

ನಮ್ಮ ಚಿಕ್ಕವ್ವನ ಎದುರು ದಯವಿಟ್ಟು ಕೆಮ್ಮಬೇಡಿ! ಕೆಮ್ಮಿದಿರೋ, ನಿಮ್ಮ ಮಣಿಕಟ್ಟು ಅವಳ ಕೈಗೆ ಹೋಯಿತೆಂದೇ ತಿಳಿಯಿರಿ. ನಾಡಿ ನೋಡಿ, ಕಣ್ಣು ಅಗಲಿಸಿ, ನಾಲಗೆ ಚಾಚಿಸಿದ ಮೇಲೆಯೇ ಬಿಡುಗಡೆ. ಅವಳೇನು ಡಾಕ್ಟರೇ? ಅಲ್ಲ. ನರ್ಸೇ? ಅದೂ ಅಲ್ಲ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವಳು. ನಲವತ್ತು ದಾಟಿ, ಮಗಳ ಮದುವೆ ಮಾಡಿ ಕಳಿಸಿ, ಇನ್ನು ಹಾಯಾಗಿರಬೇಕಾದ ಹೊತ್ತಿನಲ್ಲಿ ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದವಳು!

ಕಾಲೇಜು ವಿಚಾರಿಸಲು ನಾನಿರುವ ಚಳ್ಳಕೆರೆಗೆ ಬಂದಳು. ಬಸ್ಸಿನಲ್ಲಾದರೂ ಸುಮ್ಮನಿದ್ದಳೇ? ತಳಕು ದಾಟಿದ ಮೇಲೆ ಪಕ್ಕದ ಸೀಟಿನ ಅಜ್ಜ ಬಾಯಿ ತೆರೆದು ಒರಗಿದ್ದು ಕಂಡು, ಮೂರ್ಛೆ ಹೋದನೆಂದು ಗಬಕ್ಕನೆ ಕೈ ಹಿಡಿದಳಂತೆ. ನಿದ್ದೆಯಲ್ಲಿದ್ದ ಅಜ್ಜ ಬೆಚ್ಚಿಬಿದ್ದು, "ಟಿಕೆಟ್ ತೀಸುಕುನ್ನಾನಮ್ಮಾ!" ಎಂದು ತೆಲುಗಿನಲ್ಲಿ ಕೂಗಿ, ಜೇಬಿನಿಂದ ಟಿಕೆಟ್ ತೆಗೆದು ತೋರಿಸಿದನಂತೆ.

"ನಾಡಿ ಮಾತ್ರ ಚೆನ್ನಾಗಿತ್ತು ಕಣಪ್ಪ" ಎಂದು ನನಗೆ ವರದಿ ಬೇರೆ!

ಕಾಲೇಜಿಗೆ ನಾನೂ ಜೊತೆಗೆ ಹೋದೆ. ಅಲ್ಲಿನ ಗುಮಾಸ್ತರು ಅವಳ ಬೆನ್ನ ಹಿಂದೆ ಇಣುಕಿದರು.

"ಮಗಳು ಬರ್ಲಿಲ್ವೇನ್ರಿ?"

"ಗಂಡನ ಮನೇಲವ್ಳೆ."

"ಮತ್ತೆ ಸೇರೋರು ಯಾರು?"

"ನಾನೇ ಕಣ್ರಿ!"

ಪಾಪ, ಅವರು ನಗಲಿಲ್ಲ. ಡಿಪ್ಲೊಮಾಗೆ ವಯಸ್ಸು ಮೀರಿದೆ. ಬಿಎಸ್ಸಿಗೆ ಆ ತಕರಾರಿಲ್ಲ, ಆದರೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು ಎಂದರು. ಚಿಕ್ಕವ್ವ ಓದಿದ್ದು ಇತಿಹಾಸ!

"ಅದಕ್ಕೇನಂತೆ? ಓಪನ್ ಸ್ಕೂಲ್‌ನಾಗೆ ಇನ್ನೊಂದ್ಸಲ ಪಿಯುಸಿ ಮಾಡ್ತೀನಿ. ಮನೇಲೇ ಮೇಷ್ಟ್ರು ಅವ್ನೆ" ಎಂದು ನನ್ನ ಬೆನ್ನು ತಟ್ಟಿದಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ತಪ್ಪಿಗೆ ನಾನು ಸಿಕ್ಕಿಬಿದ್ದೆ.

ಹೊರಗೆ ಬಂದು ಟೀ ಅಂಗಡಿಯಲ್ಲಿ ಕೂತೆವು. ಮೊದಲು ಪಿಯುಸಿ, ಆಮೇಲೆ ನಾಲ್ಕು ವರ್ಷ ಕಾಲೇಜು! ಯೋಚಿಸಿಯೇ ನನಗೆ ಸುಸ್ತಾಯಿತು.

"ಚಿಕ್ಕವ್ವ, ರೋಗಿಗಳನ್ನ ನೋಡ್ಕಳಾಕೆ ಆರು ತಿಂಗಳ ಕೋರ್ಸ್ ಐತಂತೆ. ಅದು ಸಾಲ್ದಾ?"

"ಅದನ್ನ ಮಾಡಿದ್ರೆ 'ಸಿಸ್ಟರ್' ಅಂತಾರಾ?"

"ಕರೆಯೋದ್ರಾಗೆ ಏನೈತೆ?"

ಅವಳು ಟೀ ಲೋಟ ಕೆಳಗಿಟ್ಟಳು.

"ನಿಮ್ಮವ್ವ ಆಸ್ಪತ್ರೇಲಿ ಕಡೇ ದಿನ ನೋವು ತಾಳ್ದೆ 'ಸಿಸ್ಟರ್, ಸಿಸ್ಟರ್' ಅಂತ ಕೂಗಿದ್ಲು. ಒಡಹುಟ್ಟಿದ ತಂಗಿ ನಾನು, ಎದ್ದು ಹೋಗಿ ಕೈ ಹಿಡ್ಕಂಡೆ. 'ನೀನಲ್ಲ ಕಣೇ, ಸಿಸ್ಟರ್‌ನ ಕರಿ' ಅಂದ್ಲು."

ಅವ್ವ ಹೋದ ಮೇಲೆ ಅವಳ ದನಿ ಅಷ್ಟು ಹತ್ತಿರದಲ್ಲಿ ಕೇಳಿದ್ದು ಅಂದೇ. ನನಗೆ ಅವ್ವ ಬೇಕೆನಿಸಿತು. ಎದುರಿಗೆ ಕೂತವಳಿಗೆ ಅಕ್ಕ ಬೇಕಾಗಿದ್ದಳು.

ಈಗ ಭಾನುವಾರ ಬಂತೆಂದರೆ ನಾನು ಮೊಳಕಾಲ್ಮುರಿನಲ್ಲಿರುತ್ತೇನೆ. ಮಗ್ಗದ ಪಕ್ಕ ಚಾಪೆ, ಚಾಪೆಯ ಮೇಲೆ ಜೀವಶಾಸ್ತ್ರ. ರಕ್ತನಾಳವನ್ನು ಅವಳು ಇವತ್ತಿಗೂ 'ಎಳೆ' ಎಂದೇ ಅನ್ನುತ್ತಾಳೆ. "ಈ ಕೆಂಪು ಎಳೆ ಎಲ್ಲಿಗೆ ಹೋಗ್ತೈತೆ?" ತಿದ್ದಿ ತಿದ್ದಿ ನಾನೇ ಸೋತೆ! ಮೊನ್ನೆ ಹೃದಯದ ನಾಲ್ಕು ಕೋಣೆಗಳನ್ನು ತಪ್ಪಿಲ್ಲದೆ ಒಪ್ಪಿಸಿದಳು.

"ಭಲೇ ಸಿಸ್ಟರ್!" ಎಂದೆ.

"ಏಯ್, ಈಗ್ಲೇ ಹಂಗನ್ಬೇಡ. ಅದೆಲ್ಲ ಓದಿ ಮುಗಿಸಿದ ಮ್ಯಾಲೆ" ಎಂದು ಗದರಿ ಪುಟ ತಿರುವಿದಳು.

ಎರಡು ಪುಟ ಓದಿದಳು. ಪುಸ್ತಕದಿಂದ ತಲೆ ಎತ್ತದೆಯೇ ಹೇಳಿದಳು:

"ಇನ್ನೊಂದ್ ಸಲ ಅನ್ನಪ್ಪ."