ಅಡ್ಜಸ್ಟಬಲ್ ಸಾಲಕ್ಕೊಂದು ಶಾಂತಿ

ಅಮೆರಿಕಕ್ಕೆ ಆಗಾಗ ರಿಸೆಷನ್ ಬರುತ್ತಿರುತ್ತದೆ. ನಮ್ಮ ಮನೆಗೆ ಅದರ ಜೊತೆ ಪದಗಳ ಅರ್ಥ ಹೇಳುವ ಒಬ್ಬ ಅಂಕಲ್ಲೂ ಬರುತ್ತಿದ್ದರು. ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಭಾರಿ ಮನೆ, ಕಾರು ಕಂಪನಿಯಲ್ಲಿ ಭಾರಿ ಹುದ್ದೆ, ಯಾರೂ ಕೇಳದ ಜ್ಞಾನ, ಮೂರೂ ಅವರಿಗೆ ಧಾರಾಳವಾಗಿತ್ತು.

ಹಾಲು ಉಕ್ಕಿದ್ದು

ಅವರ ಊರಿಗೆ ಹತ್ತಿರದ ಲಿವೋನಿಯಾದಲ್ಲಿ ನಮ್ಮ ಗೃಹಪ್ರವೇಶ. ಒಲೆಯ ಮೇಲೆ ಹಾಲು ಉಕ್ಕುತ್ತಿರುವಾಗಲೇ ಅಂಕಲ್ ಶುರು ಮಾಡಿದರು.

"ಈ ಮನೆ ಸಾಲಕ್ಕೆ ಮಾರ್ಟ್‌ಗೇಜ್ ಅಂತಾರಲ್ಲ, ಹಾಗಂದ್ರೇನು ಗೊತ್ತೇನಪ್ಪಾ? ಹಳೇ ಫ್ರೆಂಚಲ್ಲಿ ಮಾರ್ಟ್ ಅಂದ್ರೆ ಸತ್ತದ್ದು, ಗೇಜ್ ಅಂದ್ರೆ ಒತ್ತೆ. ಸತ್ತ ಒತ್ತೆ."

ಮೈಸೂರಿನಿಂದ ಬಂದಿದ್ದ ನಮ್ಮತ್ತೆಯ ಮುಖ ಬಿಳಿಚಿಕೊಂಡಿತು. "ಶುಭಕಾರ್ಯದಲ್ಲಿ ಇದೆಂಥ ಮಾತು? ಪುರೋಹಿತರೇ, ಇದಕ್ಕೇನಾದ್ರೂ ಶಾಂತಿ ಇದೆಯಾ?"

ಪುರೋಹಿತರು ವಾರದ ದಿನಗಳಲ್ಲಿ ಐಟಿ ಕೆಲಸದವರು. ನನ್ನ ಕಡೆ ತಿರುಗಿದರು. "ಸಾಲ ಫಿಕ್ಸೆಡ್ ರೇಟಾ, ಅಡ್ಜಸ್ಟಬಲ್ಲಾ?"

"ಅಡ್ಜಸ್ಟಬಲ್. ಮುಂದೆ ಬಡ್ಡಿ ಏರಬಹುದು."

"ಹಾಗಿದ್ರೆ ಮಾಡಿಸಿಬಿಡಿ."

ಜಾಮೂನು

ಬಡ್ಡಿ ಏರಿತು, ಮನೆಯ ಬೆಲೆ ಇಳಿಯಿತು, ನನ್ನ ಕೆಲಸ ಹೋಯಿತು. ಮನೆ ಉಳಿಯುತ್ತದೋ ಇಲ್ಲವೋ ಎಂದು ನನಗೆ ನಿದ್ದೆ ಬರುತ್ತಿರಲಿಲ್ಲ. ಸಮಾಧಾನ ಹೇಳಲು ಅಂಕಲ್ ಊಟಕ್ಕೆ ಬಂದರು.

"ಸಾಲ ತೀರಿಸಿದ್ರೆ ಒತ್ತೆ ಸತ್ತಂತೆ. ತೀರಿಸದಿದ್ರೆ ಮನೆ ನಿನ್ನ ಪಾಲಿಗೆ ಸತ್ತಂತೆ. ಹಳೇ ಕಾಲದ ವಕೀಲರು ಎಷ್ಟು ಚೆನ್ನಾಗಿ ಯೋಚಿಸಿದಾರೆ ನೋಡು."

ನನ್ನ ಹೆಂಡತಿ ಅವರ ತಟ್ಟೆಗೆ ಇನ್ನೆರಡು ಜಾಮೂನು ಹಾಕಿದಳು. ಅವರಿಗೆ ಶುಗರ್ ಇರುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮತ್ತೆ ಹಾಲು

ಕೊನೆಗೆ ನನಗೆ ಬೇರೆ ರಾಜ್ಯದ ಶಾಮ್‌ಬರ್ಗ್‌ನಲ್ಲಿ ಕೆಲಸ ಸಿಕ್ಕಿತು. ಲಿವೋನಿಯಾದ ಮನೆಯನ್ನು ಕೊಳ್ಳುವವರಿಲ್ಲ. ಬಾಡಿಗೆಗೆ ಕೊಟ್ಟರಷ್ಟೇ ಕಂತು ಕಟ್ಟಬಹುದಿತ್ತು. ಆಗ ಅಂಕಲ್ ಫೋನ್ ಮಾಡಿದರು. ಅವರ ಕೆಲಸವೂ ಹೋಗಿತ್ತು, ಭಾರಿ ಮನೆ ಬ್ಯಾಂಕಿನ ಪಾಲಾಗಿತ್ತು.

"ನಿಮ್ಮನೆ ಬಾಡಿಗೆಗೆ ಕೊಡ್ತೀಯೇನಪ್ಪಾ?"

ನಗಬೇಕೆಂದುಕೊಂಡಿದ್ದೆ, ಆಗಲಿಲ್ಲ. ಪಾಪ ಅನ್ನಿಸಿತು.

ಅವರು ಬಂದ ದಿನ ಅದೇ ಒಲೆ, ಅದೇ ಪುರೋಹಿತರು. ಹಾಲು ಉಕ್ಕಿ ಮುಗಿಯುವವರೆಗೂ ಅಂಕಲ್ ಒಲೆಯನ್ನೇ ನೋಡುತ್ತ ನಿಂತಿದ್ದರು. ಮತ್ತೆ ಅಮೆರಿಕಕ್ಕೆ ಬಂದಿದ್ದ ಅತ್ತೆ ಅವರ ಕೈಗೆ ಹಾಲಿನ ಲೋಟ ಕೊಟ್ಟರು.

"ಏನ್ ಅಂಕಲ್, ಇವತ್ತು ಯಾವ ಪದಕ್ಕೂ ಅರ್ಥ ಹೇಳ್ಲಿಲ್ಲ?" ಎಂದು ನನ್ನ ಹೆಂಡತಿ ಕೆಣಕಿದಳು.

"ಬಾಡಿಗೆ ಅನ್ನೋದರ ಮೂಲ ಇನ್ನೂ ನೋಡಿಲ್ಲಮ್ಮ."

ಅತ್ತೆ ಪುರೋಹಿತರ ಕಡೆ ತಿರುಗಿದರು. "ಪುರೋಹಿತರೇ, ಪಾಪ, ಇವರಿಗೂ ಒಂದು ಶಾಂತಿ ಮಾಡಿಸೋಣ."

"ಬಾಡಿಗೆಯವರಿಗೆ ಯಾಕಮ್ಮ?" ಎಂದು ಪುರೋಹಿತರು ನನ್ನನ್ನು ನೋಡಿದರು. "ಸಾಲ ಇನ್ನೂ ಅಡ್ಜಸ್ಟಬಲ್ಲೇ ತಾನೆ? ಹಾಗಿದ್ರೆ ಅಮ್ಮಾ, ನಿಮ್ಮ ಅಳಿಯಂದಿರನ್ನೇ ಮತ್ತೆ ಮಣೆ ಮೇಲೆ ಕೂರಿಸಿ."