ಕರೆಂಟು ಬಂದಾಗಲೆಲ್ಲ ಸಂತಾಪ

ಸತ್ತವರ ಮನೆಗೆ ಸಂತಾಪವನ್ನು ಒಂದು ಸಲ ಹೇಳಿದರೆ ಸಜ್ಜನಿಕೆ, ಎರಡು ಸಲ ಹೇಳಿದರೆ ಮರೆವು, ದಿನಾ ಹೇಳಿದರೆ ಹಗೆತನ. ಈ ಜ್ಞಾನ ನನಗೆ ಬಂದದ್ದು ಗಂಡನ ಅಂಚೆಕಚೇರಿಯಿಂದ. ಸರ್ಕಾರದ್ದಲ್ಲ, ಕುಂದಾಪುರದ ನಮ್ಮ ಮನೆಯ ಉಗ್ರಾಣದಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ, ಹಳೆಯ ಕಂಪ್ಯೂಟರೊಂದರಲ್ಲಿ ಇವರು ಕಟ್ಟಿಕೊಂಡ ಸ್ವಂತ ಇ-ಮೇಲ್ ವ್ಯವಸ್ಥೆ. ಊರವರೆಲ್ಲ ಬಿಟ್ಟಿ ಖಾತೆ ತೆರೆದು ಸುಖವಾಗಿದ್ದ ಕಾಲ ಅದು. ಇವರಿಗೆ ಮಾತ್ರ, "ನಮ್ಮನಿ ಕಾಗ್ದ ಕಂಡೋರ್ ಮನ್ಯಂಗೆ ಯಾಕಿರ್ಕ್?" ಎಂಬ ಹಠ. ದಿನವಿಡೀ ಗುಂಯ್‌ಗುಡುವ ಆ ಪೆಟ್ಟಿಗೆಯ ಬೆನ್ನಿನಿಂದ ಬಿಸಿಗಾಳಿ ಬರುತ್ತಿತ್ತು. ಮಳೆಗಾಲದಲ್ಲಿ ನನ್ನ ಹಲಸಿನ ಹಪ್ಪಳ ಬೂಷ್ಟು ಹಿಡಿಯದೆ ಉಳಿದದ್ದು ಅದರಿಂದಲೇ. ಬೇರೆ ಉಪಯೋಗ ನಾನಂತೂ ಕಾಣೆ.

ಬ್ರಹ್ಮಾವರದ ಫಿಲೋಮಿನಾ ನನ್ನ ಕಾನ್ವೆಂಟ್ ಗೆಳತಿ. ಒಂದೇ ಬೆಂಚು, ಒಂದೇ ಛತ್ರಿ, ಸಿಸ್ಟರ ಒಂದೇ ಅಡಿಕೋಲಿನ ಪೆಟ್ಟು ಹಂಚಿಕೊಂಡವರು ನಾವು. ಅವಳ ಅತ್ತೆ ಸೆರಾಫಿನ್ ಬಾಯಿ ತೀರಿಕೊಂಡಾಗ ನಾನು ಜ್ವರದಲ್ಲಿ ಮಲಗಿದ್ದೆ. ಸಂತಾಪವನ್ನು ಫೋನಿನಲ್ಲಿ ಒದರಬಾರದು, ಬರೆಯಬೇಕು ಎಂದು ಸಿಸ್ಟರು ಕಲಿಸಿದ್ದರಲ್ಲ, ಕಂಬಳಿ ಹೊದ್ದುಕೊಂಡೇ ಬರೆದೆ. ಫಿಲೋಮಿನಾಳ ಮನೆಯಲ್ಲಿದ್ದದ್ದು ಒಂದೇ ಇ-ಮೇಲ್ ಖಾತೆ. ಮಸ್ಕತ್ತಿನ ಮಗಳಿಗೆ ಬರೆಯಲೆಂದು ಅತ್ತೆಯ ಹೆಸರಿನಲ್ಲಿ ತೆರೆದದ್ದು. ಹಾಗಾಗಿ ಸೆರಾಫಿನ್ ಬಾಯಿಯವರ ಸಾವಿಗೆ ನನ್ನ ಸಂತಾಪ ಸೇರಿದ್ದು ಸೆರಾಫಿನ್ ಬಾಯಿಯವರಿಗೇ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ವಾರ ಕಳೆಯುವಷ್ಟರಲ್ಲಿ ಫಿಲೋಮಿನಾಳ ಫೋನು. "ಎಂತ ಮರಾಯ್ತಿ, ನಮ್ಮತ್ತಿನ ಎಷ್ಟ್ ಸಲ ಸಾಯ್ಸ್ತೆ? ಬೆಳಿಗ್ಗೆ ಮೇಲ್ ತೆಗ್ದ್ರೂ ನಿನ್ ಕಣ್ಣೀರ್, ಸಂಜಿಗ್ ತೆಗ್ದ್ರೂ ನಿನ್ ಕಣ್ಣೀರ್. ಸೊಸಿ ನಾನೇ ಅಷ್ಟ್ ಮರ್ಕ್ಲಿಲ್ಲ! ನೀ ತಮಾಷಿ ಮಾಡ್ತಿದ್ದೆ ಅಂದೇಳಿ ಇವ್ರಿಗೆ ಸಿಟ್ಟ್. ತಿಂಗ್ಳ ಪೂಜಿಗೆ ನಿನ್ನ ಕರೂದೇ ಬ್ಯಾಡ ಅಂಬ್ರ್."

ಜ್ವರದಿಂದ ಶವಸಂಸ್ಕಾರಕ್ಕೂ ಹೋಗಿರಲಿಲ್ಲ, ಇನ್ನು ಸತ್ತವರಿಗಾಗಿ ಚರ್ಚಿನಲ್ಲಿ ಮಾಡಿಸುವ ತಿಂಗಳ ಪೂಜೆಗೂ ಹೋಗದಿದ್ದರೆ ಆ ಮನೆಯ ಮೆಟ್ಟಿಲು ಮತ್ತೆ ಹತ್ತುವುದು ಯಾವ ಮುಖದಲ್ಲಿ? ಇವರು ಉಗ್ರಾಣದಲ್ಲಿ ಕೂತು ತನಿಖೆ ನಡೆಸಿದರು. ಕಾಗದ ಹೋದಮೇಲೆ 'ಹೋಯಿತು' ಎಂದು ಪೆಟ್ಟಿಗೆ ಗುರುತು ಹಾಕಿಕೊಳ್ಳುವಷ್ಟರಲ್ಲಿ ಕರೆಂಟು ಹೋಗಿ, ಗುರುತು ಅರ್ಧಕ್ಕೇ ನಿಂತಿತ್ತು. ನಮ್ಮಲ್ಲಿ ಕರೆಂಟು ತೆಂಗಿನ ಗರಿ ಅಲುಗಿದರೆ ಹೋಗುತ್ತದೆ. ಅದು ಬಂದಾಗಲೆಲ್ಲ ಪೆಟ್ಟಿಗೆ ಕಣ್ಣೊರೆಸಿಕೊಂಡು ಮತ್ತೊಮ್ಮೆ ಸಂತಾಪ ಕಳಿಸುತ್ತಿತ್ತು. ಇವರು ಆ ಕಾಗದವನ್ನು ಅಳಿಸಿದರು. ಇನ್ನೊಂದು ಹಾಗಾಗದಿರಲೆಂದು ತಂತ್ರಾಂಶದ ಒಳಗೇ ಕೈಹಾಕಿ ನಾಲ್ಕು ಸಾಲು ತಿದ್ದಿದರು. ಮೀಸೆ ತಿರುವಲು ಮೀಸೆ ಇಲ್ಲದ್ದರಿಂದ ಕನ್ನಡಕ ಒರೆಸಿಕೊಂಡರು.

ಆ ತಂತ್ರಾಂಶ ಯಾರೋ ಜರ್ಮನಿಯ ಪುಣ್ಯಾತ್ಮರು ಬರೆದು ಲೋಕಕ್ಕೆ ಬಿಟ್ಟದ್ದು. ಅದರ ಲೈಸೆನ್ಸಿಗೆ ಇವರು ಓದದೆಯೇ 'ಒಪ್ಪಿದೆ' ಎಂದು ಒತ್ತಿದ್ದರು, ಮದುವೆಯ ಮಂತ್ರಕ್ಕೆ ತಲೆಯಾಡಿಸಿದ ಹಾಗೆ. ಓದಿದವಳು ನಾನು. ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿ. ತಿದ್ದಿದ್ದನ್ನು ಮತ್ತೊಬ್ಬರಿಗೆ ಕೊಟ್ಟರೆ ಒಳಗಿನದ್ದನ್ನೂ ಬಿಚ್ಚಿಕೊಡಿ. ಮಾಡಿದವರ ಹೆಸರನ್ನು ಅಳಿಸಬೇಡಿ. ಇದರಲ್ಲಿ ಹೊಸತೇನಿದೆ? ಪಕ್ಕದ ಮನೆಗೆ ಪಾಯಸ ಹೋದ ಸ್ಟೀಲ್ ಡಬ್ಬಿಯ ತಳದಲ್ಲಿ ಹೆಸರು ಕೊರೆಸಿರುತ್ತದೆ, ಡಬ್ಬಿ ಖಾಲಿ ವಾಪಸು ಬರುವುದಿಲ್ಲ.

"ನೀವ್ ತಿದ್ದಿದ್ದನ್ನ ಅವ್ರಿಗೆ ಕಳ್ಸಿದ್ರ್ಯಾ?" ಎಂದೆ.

"ನಾ ಯಾರಿಗೂ ಕೊಡ್ಲಿಲ್ಲ. ಮನ್ಯಂಗೇ ಇಟ್ಕಂಡ್ರೆ ಕೊಡ್ಕ್ ಅಂದೇಳಿ ಇಲ್ಲ. ನೀನೇ ಓದಿ ಹೇಳಿದ್ದಲ್ದಾ?"

"ಲೈಸೆನ್ಸಂಗೆ ಇಲ್ದಿದ್ರೆ ಖಾಲಿ ಡಬ್ಬಿ ವಾಪಾಸ್ ಕೊಡೂದಾ? ನಾಚ್ಕಿ ಆತಿಲ್ಯಾ?"

ಇವರು ಸೋತರು. ಜರ್ಮನಿಯವರಿಗೆ ಬರೆದ ಕಾಗದದ ಇಂಗ್ಲಿಷ್ ಒಕ್ಕಣೆ ನನ್ನದು. ಕೊನೆಯಲ್ಲಿ ಇವರು ತಮ್ಮ ಹೆಸರು ಹಾಕಿದ್ದರು; ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಸಿಸ್ಟರು ಹೇಳಿದ್ದು ನೆನಪಾಗಿ ನಾನು ಅದನ್ನು ಅಳಿಸಿದೆ. ಕಾಗದ ಹೊರಟಿತು; ಹೊರಟಷ್ಟೇ ವೇಗದಲ್ಲಿ ಹಿಂದೆ ಬಂತು. ಮನೆಯ ಇಂಟರ್ನೆಟ್ ಲೈನಿನಿಂದ ಬರುವ ಪತ್ರಗಳನ್ನು ಅವರು ಸ್ವೀಕರಿಸುವುದಿಲ್ಲವಂತೆ! ಮನೆಯಲ್ಲೇ ಅಂಚೆ ಇಟ್ಟುಕೊಳ್ಳಿ ಎಂದು ಲೋಕಕ್ಕೆ ಕಲಿಸಿದವರೇ ಅವರು. ಬಿಟ್ಟಿ ಖಾತೆ ತೆರೆಯಲು ಇವರು ಸುತರಾಂ ಒಪ್ಪಲಿಲ್ಲ.

ಅಷ್ಟರಲ್ಲಿ ಸಂತಾಪ ನಿಂತು, ಫಿಲೋಮಿನಾಳ ಗಂಡನ ಸಿಟ್ಟೂ ಇಳಿದು, ತಿಂಗಳ ಪೂಜೆಗೆ ಕರೆ ಬಂತು. ಹೋದೆ. ಊಟ ಮುಗಿಸಿ, ಅವರ ಕಂಪ್ಯೂಟರಿನ ಮುಂದೆ ಕೂತು, ಆ ಮನೆಯ ಒಂದೇ ಖಾತೆಯಿಂದ ಆ ಕಾಗದವನ್ನೂ ಇವರು ತಿದ್ದಿದ ಸಾಲುಗಳನ್ನೂ ಜರ್ಮನಿಗೆ ಕಳಿಸಿಬಿಟ್ಟೆ.

ಕೆಲವು ದಿನ ಬಿಟ್ಟು ಫಿಲೋಮಿನಾಳ ಫೋನು. "ಹ್ವಾಯ್, ಯಾರೋ ಜರ್ಮನಿಯೋರ್ 'ಡಿಯರ್ ಸೆರಾಫಿನ್' ಅಂದೇಳಿ ಬರ್ದಿರ್. ಅತ್ತಿ ಕೆಲ್ಸ ಭಾರಿ ಚೆಂದ ಇತ್ತಂಬ್ರ್. ಇನ್ನೂ ಕಳ್ಸಿ ಅಂಬ್ರ್!"

ಇವರು ತೆರೆದು ನೋಡಿದರೆ, ತಂತ್ರಾಂಶದ ಜೊತೆ ಲೋಕವೆಲ್ಲ ಸುತ್ತುವ ಕೃತಜ್ಞತೆಯ ಪಟ್ಟಿಯ ಕೊನೆಯಲ್ಲಿ ಸೆರಾಫಿನ್ ಬಾಯಿ. ಜನ್ಮದಲ್ಲಿ ಕಂಪ್ಯೂಟರಿನ ಧೂಳನ್ನು ಮಾತ್ರ ಒರೆಸಿದವರು. ತಪ್ಪಾಯಿತು, ಬರೆದು ತೆಗೆಸುತ್ತೇನೆ ಎಂದು ಫಿಲೋಮಿನಾಳಿಗೆ ಹೇಳಿದೆ.

"ಬ್ಯಾಡ ಮರಾಯ್ತಿ. ಬದ್ಕಿಪ್ಪತ್ತಿಗೆ ಅವ್ರಿಗೆ ಯಾರೂ ಥ್ಯಾಂಕ್ಸ್ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಇವ್ರ್ ಆ ಜರ್ಮನಿ ಕಾಗ್ದ ಪ್ರಿಂಟ್ ತೆಗ್ದ್ ಅತ್ತಿ ಫೋಟೋದ ಕೆಳ್ಗೆ ಅಂಟ್ಸಿರ್. ಇರ್ಲಿ ಬಿಡ್."

ಇವರೂ ಗಂಭೀರವಾಗಿ, "ಹೆಸ್ರ್ ಅಳ್ಸುಕಾಗ, ಲೈಸೆನ್ಸಂಗೇ ಇತ್ತಲೆ" ಎಂದು ಊಟಕ್ಕೆ ಎದ್ದರು. ಹೆಸರಿನಾಸೆ ಬೇಡವೆಂದು ಗಂಡನ ಹೆಸರನ್ನು ಒಂದೇ ಒತ್ತಿಗೆ ಅಳಿಸಿದ ನಾನು ಮಾತ್ರ, ಈಗಲೂ ಮನೆಯಲ್ಲಿ ಯಾರೂ ಇಲ್ಲದಾಗ ಆ ಪಟ್ಟಿ ತೆರೆಯುತ್ತೇನೆ. ಸೆರಾಫಿನ್ ಬಾಯಿಯವರ ಕೆಳಗೆ ಎಷ್ಟು ಜಾಗ ಉಳಿದಿದೆ ಎಂದು ನೋಡುತ್ತೇನೆ. ಒಂದು ಹೆಂಗಸಿನ ಹೆಸರು ಧಾರಾಳವಾಗಿ ಹಿಡಿಸುತ್ತದೆ.