ಕುಣಿಯೊಳಗಿಂದ ಬಂದ ಉತ್ತರ

ಬೆಳಗಾವಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ, ಬಿಡುವಿನಲ್ಲಿ ವಿದ್ಯಾರ್ಥಿಗಳ ದುಃಖ ಕೇಳುತ್ತೇನೆ, ಭಾನುವಾರ ಚರ್ಚಿನಲ್ಲಿ ಬೋಧಿಸುತ್ತೇನೆ. ಹೀಗಾಗಿ ಹೆದರಿದವರೆಲ್ಲ ನನ್ನ ಹತ್ತಿರವೇ ಬರುತ್ತಾರೆ. ಎಷ್ಟೋ ಸಲ ಅವರ ಹೆದರಿಕೆಯೂ ಬೆನ್ನಿಗೇ ಬಂದು ಕೂತುಬಿಡುತ್ತದೆ.

ಕಪಾಟು

ಆಪ್ತಸಮಾಲೋಚನೆಗೆಂದು ಕಾಲೇಜಿನವರು ನನಗೆ ಕೊಟ್ಟಿದ್ದು ಪ್ರಾಣಿಶಾಸ್ತ್ರದವರು ಹಳೇ ಕಪಾಟಿನ ಸಮೇತ ಬಿಟ್ಟುಹೋದ ಕತ್ತಲೆ ಕೋಣೆ. ಒಂದು ದಿನ ವಡಗಾವಿಯ ನೇಕಾರರ ಮಗಳೊಬ್ಬಳು ಬಂದಳು. ಪರೀಕ್ಷೆ ಎಂದರೆ ಕೈಕಾಲು ತಣ್ಣಗಾಗುತ್ತವೆ ಎಂದು ಅಳುತ್ತಿದ್ದವಳು ಹಠಾತ್ತನೆ ಸುಮ್ಮನಾದಳು. ಅವಳ ಕಣ್ಣು ನನ್ನ ಹೆಗಲಾಚೆ ನೆಟ್ಟಿತ್ತು. ಎದುರಿನವರ ಮೌನ ಕೆಡಿಸಬಾರದು ಎಂದು ನಾನೇ ಪಾಠ ಹೇಳುವವನು, ಕೂತೇ ಇದ್ದೆ. ಬೆನ್ನ ಹಿಂದೆ ಏನೋ ಕಿರುಗುಟ್ಟಿತು. ಆಮೇಲೆ ತಣ್ಣಗಿನದೊಂದು ಕೈ ನನ್ನ ಹೆಗಲ ಮೇಲೆ ಇಳಿಯಿತು. ತಿರುಗಿದರೆ ಕಪಾಟಿನ ಬಾಗಿಲು ತೆರೆದಿದೆ, ಅಸ್ಥಿಪಂಜರವೊಂದು ನನ್ನತ್ತ ವಾಲಿದೆ.

ಹುಡುಗಿ ಮೆಲ್ಲಗೆ ಕೇಳಿದಳು: “ಇವ್ರು ನನಗಿಂತ ಮೊದಲ ಬಂದವ್ರೇನ್ರಿ ಸರ್?”

ನಾಲ್ಕು ಗಂಟೆ

ಉದ್ಯಮಬಾಗದ ಕಾರ್ಖಾನೆಯಲ್ಲಿ ಕೆಲಸ ಮಾಡುವ, ನಮ್ಮ ಚರ್ಚಿನ ಒಬ್ಬರು ಖಾನಾಪುರದ ತಮ್ಮ ಮನೆಗೆ ಕರೆದೊಯ್ದರು. ತಂದೆ ತೀರಿ ತಿಂಗಳಾಗಿತ್ತು. ದಿನಾ ಸಂಜೆ ನಾಲ್ಕಕ್ಕೆ ಅಟ್ಟದ ಮೇಲೆ ಅವರು ಓಡಾಡುತ್ತಾರೆ, ಪ್ರಾರ್ಥನೆ ಮಾಡಿ ಕಳಿಸಿಕೊಡಬೇಕು ಎಂದರು. ಇಲಿ ಇರಬಹುದು ಎಂದುಕೊಂಡೇ ಹೋದೆ. ನಾಲ್ಕು ಹೊಡೆಯಿತು. ಮೇಲೆ ಕಾಲೆಳೆದು ನಡೆಯುವ ಸದ್ದು ಕೇಳಿತು. ನನ್ನ ನೆತ್ತಿಯ ನೇರಕ್ಕೆ ಬಂದು ನಿಂತಿತು. ಏಣಿ ಹತ್ತಿ ನೋಡಿದರೆ ಒಂದು ಕುರ್ಚಿ, ಸುತ್ತ ಧೂಳು. ಧೂಳಿನಲ್ಲಿ ಇಲಿಯ ಹೆಜ್ಜೆಯೂ ಇರಲಿಲ್ಲ.

ಕೆಳಗಿಳಿದವನನ್ನು ತೀರಿಕೊಂಡವರ ಹೆಂಡತಿ ಅಡುಗೆಮನೆಗೆ ಕರೆದರು. ಮಗನಿಗೆ ಕೇಳದ ಹಾಗೆ ಹೇಳಿದರು: “ಅವ್ರನ್ನ ಓಡಸಬ್ಯಾಡ್ರಿ ಸಾಹೇಬ್ರ. ನಲವತ್ತು ವರ್ಷದಾಗ ಒಂದಿನಾನೂ ಸಂಜೀಕ ಮನ್ಯಾಗ ಇದ್ದವ್ರಲ್ಲ. ಈಗ ನೋಡ್ರಿ, ದಿನಾ ನಾಕಕ್ಕ ಬರ್ತಾರ.”

ಅವತ್ತು ನಾನು ತುಟಿಯಷ್ಟೇ ಆಡಿಸಿ ಮಾಡಿದ ಪ್ರಾರ್ಥನೆ ಯಾರಿಗೂ ಕೇಳಿಸಲಿಲ್ಲ, ಅಟ್ಟದ ಮೇಲಿನವರಿಗೂ.

ಕುಣಿ

ನಮ್ಮ ಚರ್ಚಿನ ಒಬ್ಬ ಡ್ರೈವರ್‌ನ ಅಂತ್ಯಕ್ರಿಯೆ ಇತ್ತು, ಬೋಧನೆ ನನ್ನದು. ನನಗಿಂತ ಚಿಕ್ಕವನು. ಏನು ಹೇಳಬೇಕೆಂದೇ ತೋಚದೆ ಒಂದು ತಾಸು ಮೊದಲೇ ಸ್ಮಶಾನಕ್ಕೆ ಹೋದೆ. ಜಿಟಿಜಿಟಿ ಮಳೆ, ನಾಲ್ಕು ಮಾರು ದೂರದ ಶಿಲುಬೆಯೂ ಕಾಣದಷ್ಟು ಮಂಜು. ತೋಡಿದ ಕುಣಿಯಿಂದ ತುಸು ದೂರ ನಿಂತು, ಅಭ್ಯಾಸಕ್ಕೆಂದು ತೀರಿಕೊಂಡವನಿಗೇ ಹೇಳುವಂತೆ ಗಟ್ಟಿಯಾಗಿ ಹೇಳಿ ನೋಡಿದೆ: “ತಮ್ಮಾ, ಭಾಳ ದಣದಿದ್ದಿ. ಇನ್ನ ಆರಾಮ ಮಾಡು.”

ಕುಣಿಯೊಳಗಿಂದ ಉತ್ತರ ಬಂತು: “ಇನ್ನ ಸ್ವಲ್ಪ ಐತ್ರಿ. ಮುಗಿಸಿ ಮಾಡ್ತೀನಿ.”

ನಾನು ಚೀರಿದ್ದು ನನಗೆ ಗೊತ್ತಾದದ್ದು ಗೇಟು ದಾಟಿದ ಮೇಲೆ. ಅಂತ್ಯಕ್ರಿಯೆಗೆ ಬಂದವರ ಜೊತೆ ಮರಳಿ ಒಳಗೆ ಹೋಗಿ, ಮಣ್ಣು ಮೆತ್ತಿದ ಕೈ ಒರೆಸಿಕೊಳ್ಳುತ್ತ ಪಕ್ಕದಲ್ಲಿ ನಿಂತಿದ್ದ ಕುಣಿ ತೋಡುವವನನ್ನು ಕಂಡಾಗ ವಿಷಯ ತಿಳಿಯಿತು. ಯಾರಿಗೂ ಹೇಳಲಿಲ್ಲ.

ಎರಡು ದಿನದ ಮೇಲೆ ಆ ಮನುಷ್ಯ ನನ್ನ ಕೋಣೆಗೇ ಬಂದ. ಕಣ್ಣು ಕೆಂಪಾಗಿದ್ದವು. ಜೀವಮಾನವೆಲ್ಲ ಸ್ಮಶಾನದಲ್ಲಿ ಕಳೆದರೂ ಹೆದರಿದವನಲ್ಲವಂತೆ. ಅವತ್ತು ಮಾತ್ರ ಮಂಜಿನಲ್ಲಿ ಗಂಡಸೊಬ್ಬ ಆರಾಮ ಮಾಡು ಎಂದನಂತೆ, ಹಿಂದೆಯೇ ಯಾರೋ ಚೀರಿದರಂತೆ, ಎದ್ದು ನೋಡಿದರೆ ಯಾರೂ ಇಲ್ಲ. ಅಂದಿನಿಂದ ನಿದ್ದೆಯಿಲ್ಲ, ಕೆಲಸ ಬಿಡುತ್ತೇನೆ ಎಂದ.

ನನ್ನ ಮರ್ಯಾದೆ ನೋಡಿಕೊಂಡರೆ ಅವನ ನಿದ್ದೆ ಹೋಗುತ್ತದೆ. ಹೇಳಿಬಿಟ್ಟೆ: “ಮಾತಾಡಿದಾಂವನೂ ನಾನ, ಚೀರಿದಾಂವನೂ ನಾನ.”

ಅವನು ಕನಿಕರದಿಂದ ನನ್ನ ಕೈ ಹಿಡಿದುಕೊಂಡ.

“ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ್ರಿ ಸರ್. ಮಾತಾಡಿದಾಂವ ನೀವ ಇರಬಹುದು. ಚೀರಿದ್ದು ಮಾತ್ರ ಖರೇನ ಹೆಣ್ಣದೆವ್ವ.”